ಕೊನೇ ಸೀನು ಕಡೀಬೇಡಿ

ನಾನು ಓದಿದ್ದು ಏಳನೇ ಕ್ಲಾಸು. ಕಡ್ಲೆಕಾಯಿ ಬೆಳೆಯೋದು, ಮೂಡಲಪಾಯದ ಆಟಕ್ಕೆ ಪದ ಹಾಡೋದು, ಇವೆರಡೇ ನನ್ನ ಕಸುಬು. ಆದರೂ ಒಂದು ಮಾತನ್ನ ಜಗಳ ಆಡಿಯಾದರೂ ಹೇಳಲೇಬೇಕು.

ಹೋದ ಸಲ ಒಂದೂರಿನ ಜಾತ್ರೆಗೆ ಆಟ ಕಟ್ಟಲು ಹೋಗಿದ್ದೆವು. ಕರೆಸಿದವರು, ‘ಭೀಮ ತೊಡೆ ಮುರೀತಿದ್ದಂಗೆ ಮಂಗಳ ಹಾಡಿಬಿಡಿ, ಆಮೇಲಿನ ಗೋಳು ಯಾರಿಗೆ ಬೇಕು?’ ಅಂದರು. ಅಲ್ಲೇ ಇದ್ದ ಒಬ್ಬ ಮೇಷ್ಟ್ರು, ‘ನಿಮ್ಮದು ಬರೀ ಸೇಡು, ರಕ್ತ. ಮಕ್ಕಳು ಷೇಕ್ಸ್‌ಪಿಯರ್ ಓದಲಿ, ಸಂಸ್ಕಾರ ಬರುತ್ತೆ’ ಅಂದರು. ಇಬ್ಬರಿಗೂ ಇಲ್ಲೇ ಉತ್ತರ ಕೊಡ್ತೀನಿ.

ಮೊದಲು ಮೇಷ್ಟ್ರಿಗೆ. ಹ್ಯಾಮ್ಲೆಟ್ ಕಥೆ ನನಗೂ ಗೊತ್ತು ಸ್ವಾಮಿ. ಕುವೆಂಪು ಅದನ್ನ ಬಿದನೂರಿನ ಕಥೆ ಮಾಡಿ ‘ರಕ್ತಾಕ್ಷಿ’ ಬರೆದರು. ಹೆಸರಲ್ಲೇ ರಕ್ತ ಇದೆ. ಹ್ಯಾಮ್ಲೆಟ್‌ನಲ್ಲಿ ಎಂಟು ಜನ ಸಾಯ್ತಾರೆ, ಕೊನೇ ಸೀನಲ್ಲೇ ನಾಲ್ಕು ಹೆಣ. ಅದಕ್ಕೂ ಮುಂಚೆ ಥಾಮಸ್ ಕಿಡ್ ಅನ್ನೋನು ‘ಸ್ಪ್ಯಾನಿಷ್ ಟ್ರಾಜೆಡಿ’ ಬರೆದ. ಅದರಲ್ಲಿ ಮಗನನ್ನ ಕೊಂದವರಿಗೇ ಅಪ್ಪ ಅರಮನೆಯಲ್ಲಿ ವೇಷ ಹಾಕಿಸ್ತಾನೆ; ಆಟದ ನಡುವೆ ನಿಜವಾಗಿಯೇ ಇರಿತ ಆಗುತ್ತೆ. 400 ವರ್ಷದ ಹಿಂದೆ ಲಂಡನ್ನಿನ ಜನ ಇದನ್ನ ದುಡ್ಡು ಕೊಟ್ಟು, ನಿಂತು ನೋಡ್ತಿದ್ದರು.

ಆ ಆಟಗಳಿಗೆ ಒಂದು ಕಟ್ಟು ಇದೆ. ಅನ್ಯಾಯ, ಶಪಥ, ಕಾಯೋದು, ವೇಷ ಮರೆಸೋದು, ಕೊಲೆ. ನಮ್ಮಲ್ಲಿ? ದ್ರೌಪದಿ ಮುಡಿ ಬಿಚ್ಚಿ ಶಪಥ ಮಾಡ್ತಾಳೆ. 13 ವರ್ಷ ಕಾಯ್ತಾರೆ. ವಿರಾಟನ ಮನೇಲಿ ವೇಷ ಮರೆಸ್ಕೋತಾರೆ. ಕೀಚಕ ನಾಟ್ಯಶಾಲೆಯ ಕತ್ತಲಲ್ಲಿ ಸಾಯ್ತಾನೆ. ಜನಪದರ ಬಾಯಲ್ಲಿ ಶಕುನಿ ಅಪ್ಪನ ಮೂಳೆಯಲ್ಲಿ ದಾಳ ಮಾಡಿಕೊಂಡು, ಶತ್ರು ಮನೆಯಲ್ಲೇ ನೆಂಟನಾಗಿ ಕೂತವನು. ಅಲ್ಲಿ ಗುಂಡಿ ತೋಡೋರು ತಲೆಬುರುಡೆ ಹಿಡಿದು ಜೋಕು ಹೊಡೀತಾರೆ. ಇಲ್ಲಿ ಹನುಮನಾಯಕ ನಗಿಸ್ತಾನೆ. ಅದು ಸಂಸ್ಕಾರವಾದರೆ ಇದೂ ಸಂಸ್ಕಾರವೇ.

ಇನ್ನು ಕರೆಸಿದವರಿಗೆ. ಆ ಕಟ್ಟಿನಲ್ಲಿ ಕೊನೆಯದೊಂದು ಇದೆ: ಸೇಡು ತೀರಿಸಿಕೊಂಡವನೂ ಬೆಲೆ ತೆರಬೇಕು. ಹ್ಯಾಮ್ಲೆಟ್ ಚಿಕ್ಕಪ್ಪನನ್ನ ಕೊಂದು ತಾನೂ ಸಾಯ್ತಾನೆ. ಕಿಡ್‌ನ ಆ ಅಪ್ಪನೂ ಉಳಿಯಲ್ಲ. ನಮ್ಮ ಭಾರತ ಇನ್ನೂ ಕಠಿಣ, ಸಾಯೋಕೂ ಬಿಡಲ್ಲ. ತೊಡೆ ಮುರಿದ ರಾತ್ರಿಯೇ ಅಶ್ವತ್ಥಾಮ ಅಪ್ಪನ ಸೇಡಿಗೆ ಪಾಳೆಯಕ್ಕೆ ನುಗ್ಗಿ, ಮಲಗಿದ್ದ ದ್ರೌಪದಿಯ ಐದು ಮಕ್ಕಳನ್ನೂ ಕೊಲ್ತಾನೆ. ಅವಳ ಶಪಥ ತೀರಿತು, ಮಡಿಲು ಬರಿದಾಯಿತು. ಅವನೂ ಆರದ ಗಾಯ ಹೊತ್ತು ಅಲೆಯಬೇಕು. ಇದನ್ನ ಕಡಿದು ಮಂಗಳ ಹಾಡಿದರೆ ಆಟ ಆಗಲ್ಲ, ಮಚ್ಚಿಗೆ ಸಾಣೆ ಆಗುತ್ತೆ.

ನಮ್ಮದು ರಾಯಲಸೀಮೆ. ಫ್ಯಾಕ್ಷನ್ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1999ರಲ್ಲಿ ‘ಸಮರಸಿಂಹಾರೆಡ್ಡಿ’ ಓಡಿದ ಮೇಲೆ ಅಂಥ ಸಿನಿಮಾಗಳು ಸಾಲಾಗಿ ಬಂದವು. ಸುಮೋಗಳು ಗಾಳಿಗೆ ಹಾರ್ತವೆ, ಹೀರೋ ಮೀಸೆ ತಿರುವುತಾನೆ, ಹುಡುಗರು ಶಿಳ್ಳೆ ಹಾಕ್ತಾರೆ. ಆ ಕಡೆ ಮನೆಯ ಹೆಂಗಸು ಮಾರನೇ ದಿನ ಹೇಗೆ ಒಲೆ ಹಚ್ಚಿದಳು, ಅದಕ್ಕೆ ಸೀನಿಲ್ಲ.

ನನ್ನದೇ ಹೇಳ್ತೀನಿ. ದಾಯಾದಿಗೂ ನನಗೂ ಬದುವಿನ ಜಗಳ ಹನ್ನೊಂದು ವರ್ಷ ನಡೀತು. ಒಂದು ದಿನ ನಾನೂ ಮಚ್ಚು ಮಸೆದವನೇ. ಅದೇ ವಾರ ಆಟದಲ್ಲಿ ದ್ರೌಪದಿ ಮಕ್ಕಳ ಹೆಣದ ಮುಂದೆ ಕೂತ ಪದ ಬಂತು. ಪಕ್ಕದಲ್ಲಿ ತಾಳ ಹಾಕ್ತಿದ್ದವನು ಆ ದಾಯಾದಿಯ ಮಗ. ಗಂಟಲು ಕಟ್ಟಿತು, ಪದ ಅರ್ಧಕ್ಕೇ ನಿಂತಿತು. ಆ ಹುಡುಗನೇ ಮುಂದಕ್ಕೆ ಹಾಡಿದ. ಬದು ಇವತ್ತಿಗೂ ಸೊಟ್ಟಗೇ ಇದೆ. ನಾವಿಬ್ಬರೂ ಇದೀವಿ.

ಪಕ್ಕದ ಲೇಪಾಕ್ಷಿಯಲ್ಲಿ ಕೂತಿರೋನು ವೀರಭದ್ರ, ಸೇಡಿಗೇ ಹುಟ್ಟಿದ ದೇವರು. ದಕ್ಷನ ತಲೆ ಕಡಿದದ್ದಕ್ಕೇ ಆ ಕಥೆಯೂ ನಿಲ್ಲಲ್ಲ. ಶಿವ ಟಗರಿನ ತಲೆ ಇಟ್ಟು ಎಬ್ಬಿಸಿದ ಮೇಲೇ ಯಜ್ಞ ಪೂರ್ತಿ.

ಮೇಷ್ಟ್ರೇ, ಮಕ್ಕಳನ್ನ ಆಟಕ್ಕೆ ಕರ್ಕೊಂಡು ಬನ್ನಿ. ಕರೆಸೋರೇ, ಬೆಳಗಾಗೋವರೆಗೂ ಬಿಡಿ. ಕೊನೇ ಸೀನು ಬೇಡ ಅನ್ನೋ ಊರಿಗೆ ನಾನಂತೂ ಹಾಡಲ್ಲ.