ಸುಂದರಿಯರೂ ತಕ್ಕಡಿಯೂ

ಸೌಂದರ್ಯ ಸ್ಪರ್ಧೆಯನ್ನು ಖಂಡಿಸುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಆದರೆ ಅವರ ಖಂಡನೆಯನ್ನು ಕೊಂಚ ಬಿಡಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಬಹುಪಾಲು ಮಂದಿಗೆ ಬೇಡವಾದುದು ಈಜುಡುಗೆಯೇ ಹೊರತು ಸ್ಪರ್ಧೆಯಲ್ಲ. ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅಂಕ ಕೊಟ್ಟು, ಇವಳು ಮೇಲು ಅವಳು ಕೀಳು ಎಂದು ಆರಿಸುವುದರಲ್ಲಿ ಅವರಿಗೆ ತಪ್ಪು ತೋರುವುದಿಲ್ಲ. ಉಟ್ಟ ಬಟ್ಟೆ ಎಷ್ಟು ಮೊಳ ಎಂಬುದೊಂದೇ ಅವರ ಚಿಂತೆ.

1996ರ ನವೆಂಬರ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದುದನ್ನೇ ನೆನೆಯಿರಿ. ವಿಶ್ವಸುಂದರಿ ಸ್ಪರ್ಧೆ ಮೊದಲ ಸಲ ಭಾರತಕ್ಕೆ ಬಂದಿತ್ತು. ಅಮಿತಾಭ್ ಬಚ್ಚನ್ನರ ಕಂಪನಿ ಅದರ ಏರ್ಪಾಡು ಹೊತ್ತಿತ್ತು. 88 ಮಂದಿ ಸ್ಪರ್ಧಿಗಳು ಬಂದಿಳಿದಿದ್ದರು. ಸಂಸ್ಕೃತಿ ಕೆಟ್ಟಿತೆಂದು ಒಂದು ಪಕ್ಷ ಬೀದಿಗಿಳಿಯಿತು. ಹೆಣ್ಣನ್ನು ಸರಕು ಮಾಡಿದರೆಂದು ಇನ್ನೊಂದು ಪಕ್ಷ. ಮಧುರೆಯಲ್ಲಿ ಒಬ್ಬ ತರುಣ ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣವನ್ನೇ ಬಿಟ್ಟ. ಇಷ್ಟೆಲ್ಲಕ್ಕೆ ಕಂಡುಕೊಂಡ ಪರಿಹಾರವಾದರೂ ಏನು? ಈಜುಡುಗೆಯ ಸುತ್ತನ್ನು ಹಿಂದೂ ಮಹಾಸಾಗರದಾಚೆ ಸೇಷೆಲ್ಸ್ ದ್ವೀಪಗಳಿಗೆ ಸಾಗಿಸಿದರು. ಉಳಿದದ್ದು ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಪೊಲೀಸರ ಕೋಟೆಯೊಳಗೆ, ಸಾಂಗವಾಗಿ ನೆರವೇರಿತು. ಗ್ರೀಸಿನ ಐರಿನ್ ಸ್ಕ್ಲಿವಾ ಕಿರೀಟ ತೊಟ್ಟರು. ಮೈಲಿಗೆಯನ್ನು ಕಡಲಾಚೆ ಕಳುಹಿಸಿ ಮನೆಯನ್ನು ಮಡಿ ಮಾಡಿಕೊಂಡ ಹಾಗಾಯಿತು! ಸಂಸ್ಕೃತಿಯವರ ಆಕ್ಷೇಪಕ್ಕೆ ಇದು ಅರ್ಧ ಉತ್ತರವಾಗಿದ್ದಿರಬಹುದು. ಸರಕಿನ ಆಕ್ಷೇಪಕ್ಕೆ ಉತ್ತರವೇ ಅಲ್ಲ.

ಸರಕು ಎಂಬ ಮಾತು ಬರಿಯ ಬೈಗುಳವಲ್ಲ, ಚರಿತ್ರೆ. 1951ರಲ್ಲಿ ಲಂಡನ್ನಿನ ಉತ್ಸವವೊಂದರ ಅಂಗವಾಗಿ ಎರಿಕ್ ಮಾರ್ಲಿ ಎಂಬವರು ವಿಶ್ವಸುಂದರಿ ಸ್ಪರ್ಧೆ ಆರಂಭಿಸಿದರು. ಅದು ಆಗ ಬಿಕಿನಿ ಉಡುಗೆಯ ಪ್ರಚಾರದ ಮೇಳ. ಅದೇ ಕಾಲಕ್ಕೆ ಅಮೆರಿಕದಲ್ಲಿ ಕಿರೀಟ ಗೆದ್ದ ಯುವತಿಯೊಬ್ಬಳು ಈಜುಡುಗೆ ತೊಟ್ಟು ಮೆರೆಯಲಾರೆನೆಂದಳು. ಆ ಉಡುಗೆ ಮಾರುತ್ತಿದ್ದ ಕಂಪನಿಗೆ ಸಿಟ್ಟು ಬಂದು 1952ರಲ್ಲಿ ತನ್ನದೇ ಸ್ಪರ್ಧೆ ಹೂಡಿತು. ಅದೇ ಇಂದಿನ ಭುವನಸುಂದರಿ. ಅಂದರೆ, ಹೆಣ್ಣೊಬ್ಬಳು ಒಲ್ಲೆನೆಂದ ಮಾತಿಗೆ ಅಂಗಡಿಯವರು ಕೊಟ್ಟ ಉತ್ತರದಿಂದ ಹುಟ್ಟಿದ್ದು ಅದು!

ನಮ್ಮ ದೇಶದ ಲೆಕ್ಕವನ್ನೂ ನೋಡಿ. 1966ರಲ್ಲಿ ರೀಟಾ ಫಾರಿಯಾ ವಿಶ್ವಸುಂದರಿಯಾದರು. ಮುಂದಿನ 28 ವರ್ಷ ನಮಗೆ ಒಂದು ಕಿರೀಟವೂ ಇಲ್ಲ. 1991ರಲ್ಲಿ ಮಾರುಕಟ್ಟೆಯ ಬಾಗಿಲು ತೆರೆಯಿತು. 1994ರಿಂದ 2000ದೊಳಗೆ ಎರಡು ಸ್ಪರ್ಧೆಗಳಿಂದ ಆರು ಕಿರೀಟ ಬಂದವು. ಆ 28 ವರ್ಷ ಈ ದೇಶದಲ್ಲಿ ಸುಂದರಿಯರೇ ಹುಟ್ಟಲಿಲ್ಲವೆ? ಹುಟ್ಟಿದ್ದರು. ಗಿರಾಕಿಗಳು ಹುಟ್ಟಿರಲಿಲ್ಲ.

ಈಗ ಕಾಲ ಬದಲಾಗಿದೆ, ಬುದ್ಧಿಯನ್ನೂ ಸಮಾಜಸೇವೆಯನ್ನೂ ಅಳೆಯುತ್ತಾರೆ ಎಂದು ಸ್ಪರ್ಧೆಯ ಪರ ವಕಾಲತ್ತು ಮಾಡುವವರು ಹೇಳುತ್ತಾರೆ. ನಿಜ, ವಿಶ್ವಸುಂದರಿ ಸ್ಪರ್ಧೆಯವರು 2014ರಲ್ಲಿ ಈಜುಡುಗೆಯ ಸುತ್ತನ್ನು ಕೈಬಿಟ್ಟರು. ಭುವನಸುಂದರಿಯವರು ವಿವಾಹಿತೆಯರಿಗೂ ತಾಯಂದಿರಿಗೂ ಬಾಗಿಲು ತೆರೆದು, 2024ರಿಂದ ವಯಸ್ಸಿನ ಮೇಲ್ಮಿತಿಯನ್ನೂ ತೆಗೆದರು. ತಕ್ಕಡಿಯ ತಟ್ಟೆ ಅಗಲವಾಯಿತು, ಸಂತೋಷ. ತಕ್ಕಡಿ ಹೋಯಿತೆ? ಬುದ್ಧಿಗೇ ಬಹುಮಾನವಾದರೆ ಗೇಣುದ್ದ ಹಿಮ್ಮಡಿಯ ಪಾದರಕ್ಷೆ ಏಕೆ? ಸೇವೆಗೇ ಮನ್ನಣೆಯಾದರೆ, ನಲವತ್ತು ವರ್ಷ ಹಳ್ಳಿಯಲ್ಲಿ ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು ಆ ವೇದಿಕೆಗೆ ಕರೆಯುತ್ತಾರೆಯೆ?

ಸ್ಪರ್ಧಿಸುವ ಹುಡುಗಿಯರನ್ನು ಬೈಯುವುದು ಮಾತ್ರ ಅನ್ಯಾಯ. ಬೇರೆ ಬಾಗಿಲು ಮುಚ್ಚಿರುವಾಗ ತೆರೆದ ಕಿಟಕಿಯಿಂದ ನುಸುಳುವವಳನ್ನು ಕಳ್ಳಿ ಎನ್ನಬಾರದು. ರೀಟಾ ಫಾರಿಯಾ ಗೆದ್ದಾಗ ವೈದ್ಯಕೀಯ ವಿದ್ಯಾರ್ಥಿನಿ. ಒಂದು ವರ್ಷದ ಮೆರವಣಿಗೆ ಮುಗಿಸಿ, ರೂಪದರ್ಶಿಯ ವೃತ್ತಿಯನ್ನೂ ಚಲನಚಿತ್ರವನ್ನೂ ಬಿಟ್ಟು ಓದಿಗೆ ಮರಳಿ ವೈದ್ಯೆಯಾದರು. ಕಿರೀಟವನ್ನು ಇಷ್ಟು ಹಗುರವಾಗಿ ಇಳಿಸಿಟ್ಟವರ ತಲೆ ಖಾಲಿಯೆಂದು ಯಾರು ತಾನೆ ಹೇಳಿಯಾರು? 1970ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಸ್ತ್ರೀವಾದಿ ತರುಣಿಯರು ಸ್ಪರ್ಧೆಯ ನಡುವೆ ಹಿಟ್ಟಿನ ಪೊಟ್ಟಣ ಎಸೆದು ಗದ್ದಲವೆಬ್ಬಿಸಿದರು. ಇದು ದನದ ಸಂತೆ ಎಂಬುದು ಅವರ ಆಕ್ಷೇಪ. ಸಂತೆಯಲ್ಲಿ ದೂರಬೇಕಾದುದು ದನವನ್ನಲ್ಲ, ಹಲ್ಲು ಹಿಡಿದು ನೋಡುವವನನ್ನು.

ಹಲ್ಲು ಹಿಡಿದು ನೋಡುವವರು ಲಂಡನ್ನಿನಲ್ಲಿ ಮಾತ್ರ ಇದ್ದಾರೆಯೆ? ನಮ್ಮ ಮನೆಗಳಲ್ಲಿ ಹೆಣ್ಣು ನೋಡುವ ಶಾಸ್ತ್ರವೆಂಬುದೊಂದಿದೆ. ಚಾಪೆಯ ಮೇಲೆ ತೀರ್ಪುಗಾರರು ಕುಳಿತಿರುತ್ತಾರೆ. ಅವರ ಮುಂದೆ ಉಪ್ಪಿಟ್ಟು, ಕೇಸರಿಬಾತು. ಹುಡುಗಿ ತಟ್ಟೆ ಹಿಡಿದು ನಡೆದು ಬರಬೇಕು. ಕಾಲು ಸೊಟ್ಟಗಿಲ್ಲವೆಂದು ಅವರು ನೋಡಿಕೊಳ್ಳುತ್ತಾರೆ. ಹಾಡಬೇಕು; ಮೂಗಳಲ್ಲವೆಂದು ತಿಳಿದುಕೊಳ್ಳುತ್ತಾರೆ. ಬಣ್ಣ ಒಂದು ಕೈ ಕಡಮೆ ಎಂದು ಹೊರಗೆ ಬಂದ ಮೇಲೆ ಪಿಸುಗುಟ್ಟುತ್ತಾರೆ. ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂಬುದು ತೀರ್ಪು. ಇಲ್ಲಿ ಅವಳು ಉಟ್ಟಿರುವುದು ಒಂಬತ್ತು ಗಜದ ಸೀರೆಯೇ ಇದ್ದೀತು, ಯಾರ ಸಂಸ್ಕೃತಿಗೂ ಧಕ್ಕೆಯಿಲ್ಲ. ಅಲ್ಲಿ ಗೆದ್ದವಳಿಗೆ ಹಣ ಕೊಡುತ್ತಾರೆ. ಇಲ್ಲಿ ಗೆದ್ದವಳ ತಂದೆ ಹಣ ಕೊಡಬೇಕು. ಕೊಡುವುದೂ ಕೊಳ್ಳುವುದೂ 1961ರಿಂದ ಕಾನೂನಿನಲ್ಲಿ ಅಪರಾಧ ಎಂಬುದನ್ನು ಚಾಪೆಯ ಮೇಲಿನವರು ಅರಿಯದವರಲ್ಲ.

ಈ ಪತ್ರಿಕೆಯಂಥ ಪತ್ರಿಕೆಗಳ ವಧೂವರರ ಅಂಕಣವನ್ನು ಬಿಡಿಸಿದರೆ ಸಾಕು: ಬೆಳ್ಳಗಿನ, ತೆಳ್ಳಗಿನ, ಎತ್ತರದ ಕನ್ಯೆ ಬೇಕಾಗಿದ್ದಾಳೆ. ವಿಶ್ವಸುಂದರಿಗೆ ಹಾಕುವ ನಿಯಮ ಇದಕ್ಕಿಂತ ಬೇರೆಯೇನು?

ಆದ್ದರಿಂದ ಈ ಸ್ಪರ್ಧೆ ಮತ್ತೆ ನಮ್ಮ ಊರಿಗೆ ಬಂದರೆ ವಿರೋಧಿಸೋಣ, ಖಂಡಿತ ವಿರೋಧಿಸೋಣ. ಆದರೆ ಧ್ವಜ ಹಿಡಿದು ಬೀದಿಗೆ ಹೊರಡುವ ಮಹನೀಯರು, ಹೊರಡುವ ಮುನ್ನ, ಕಳೆದ ಭಾನುವಾರ ತಾವು ಯಾರ ಮನೆಯಲ್ಲಿ ಕೇಸರಿಬಾತು ತಿಂದು ಬಂದಿರಿ, ಆ ಹುಡುಗಿಗೆ ಏನೆಂದು ತಿಳಿಸಿದಿರಿ ಎಂಬುದನ್ನು ದಯವಿಟ್ಟು ಹೇಳಿ ಹೊರಡಲಿ.