ಗಿಣ್ಣದ ಮೊದಲ ಪಾಲು ಕರುವಿಗೇ ಸಿಗಲಿ

ಡಿಸೆಂಬರ್, ಜನವರಿಯಲ್ಲಿ ಬೀದರ್ ಕಡೆ ರಾತ್ರಿಯ ಉಷ್ಣಾಂಶ ಒಂದಂಕಿಗೆ ಇಳಿಯುವುದುಂಟು. ಬೆಳಗಿನ ಜಾವ ಹುಟ್ಟಿದ ಕರು ಮಧ್ಯಾಹ್ನದ ಹೊತ್ತಿಗೆ ಕಿವಿ, ಕಾಲು ತಣ್ಣಗಾಗಿ ಕತ್ತು ಎತ್ತದೆ ಮಲಗಿದೆ ಎಂದು ಆಗ ಫೋನ್ ಬರುತ್ತದೆ. ಪಶುವೈದ್ಯೆಯಾಗಿ ಈ ಭಾಗದ ಕೊಟ್ಟಿಗೆಗಳನ್ನು ಸುತ್ತಿದವಳು ನಾನು. ಹೋದ ಕೂಡಲೇ ಕೇಳುವುದು, “ಗಿಣ್ಣ ಕುಡಿಸೀರೇನ್ರಿ?” ಬಹಳ ಮನೆಗಳಲ್ಲಿ ಬರುವ ಉತ್ತರ, “ಇನ್ನಾ ಮಾಸು ಬಿದ್ದಿಲ್ರಿ ಮೇಡಂ, ಅದಕ್ಕ ಬಿಟ್ಟಿಲ್ಲ.”

ಇಂಥ ಕರು ಸತ್ತರೆ ಚಳಿಯ ಮೇಲೆ ತಪ್ಪು ಹೊರಿಸುತ್ತೇವೆ. ಚಳಿಗಿಂತ ದೊಡ್ಡ ತಪ್ಪು ಹಸಿವಿನದು.

ಕರು, ಕುರಿಮರಿಗಳು ಹುಟ್ಟುವಾಗಲೇ ಮೂತ್ರಪಿಂಡದ ಸುತ್ತ ಕಂದು ಕೊಬ್ಬನ್ನು ಹೊತ್ತು ಬರುತ್ತವೆ. ಚರ್ಮಕ್ಕೆ ಚಳಿ ತಾಗಿದೊಡನೆ ನರಗಳ ತುದಿಯಲ್ಲಿ ನಾರ್‌ಅಡ್ರಿನಾಲಿನ್ ಸುರಿದು ಆ ಕೊಬ್ಬು ಕರಗತೊಡಗುತ್ತದೆ. ಬೇರೆ ಕೋಶಗಳು ಹೀಗೆ ಬಂದ ಶಕ್ತಿಯನ್ನು ಎಟಿಪಿ ಎಂಬ ಅಣುವಿನಲ್ಲಿ ಕೂಡಿಟ್ಟುಕೊಂಡು ಕೆಲಸಕ್ಕೆ ಬಳಸುತ್ತವೆ. ಕಂದು ಕೊಬ್ಬಿನ ಮೈಟೋಕಾಂಡ್ರಿಯಗಳಲ್ಲಿ ಯುಸಿಪಿ-1 ಎಂಬ ಪ್ರೋಟೀನ್ ಇದ್ದು, ಅದು ಶಕ್ತಿಯನ್ನು ನೇರವಾಗಿ ಶಾಖ ಮಾಡಿಬಿಡುತ್ತದೆ. ಮರಿ ನಡುಗದೆಯೇ ಬೆಚ್ಚಗಾಗುವುದು ಹೀಗೆ. (ಹಂದಿಮರಿಗೆ ಈ ಅನುಕೂಲವೂ ಇಲ್ಲ. ಹಂದಿಯ ವಂಶದಲ್ಲಿ ಆ ಪ್ರೋಟೀನಿನ ಜೀನ್ ಕೋಟ್ಯಂತರ ವರ್ಷಗಳ ಹಿಂದೆಯೇ ಕೆಟ್ಟಿದೆ. ಅದಕ್ಕೇ ಅವು ನಡುಗುತ್ತ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ.) ಕಡು ಚಳಿಯಲ್ಲಿ ಕುರಿಮರಿಯ ಮೈ ಹುಟ್ಟಿಸುವ ಶಾಖದಲ್ಲಿ ಹೆಚ್ಚುಕಡಿಮೆ ಅರ್ಧ ಈ ಕೊಬ್ಬಿನದೇ. ಆದರೆ ಅದು ಇರುವುದು ಮೈತೂಕದ ನೂರಕ್ಕೆ ಎರಡು ಪಾಲಿನಷ್ಟು. ಒದ್ದೆ ಮೈಯ ಕರು ಏನೂ ಕುಡಿಯದೆ ಕೊರೆಯುವ ಚಳಿಯಲ್ಲಿ ಬಿದ್ದಿದ್ದರೆ ಆ ಗಂಟು ಒಂದು ದಿನಕ್ಕೂ ಸಾಲದು.

ಪ್ರಾಣಿಗಳು ಚಳಿಗೆ ಒಗ್ಗಿಕೊಳ್ಳುತ್ತವಲ್ಲ ಎಂದು ಓದಿದವರು ಕೇಳುತ್ತಾರೆ. ನಿಜ. ಇಲಿಗಳನ್ನು ವಾರಗಟ್ಟಲೆ ಚಳಿಯಲ್ಲಿಟ್ಟರೆ ಕಂದು ಕೊಬ್ಬು ಬೆಳೆಯುತ್ತದೆ, ಬಿಳಿ ಕೊಬ್ಬಿನ ನಡುವೆಯೂ ಶಾಖ ಕೊಡುವ ಕೋಶಗಳು ಹುಟ್ಟುತ್ತವೆ. ಆದರೆ ಆ ಇಲಿ ಬೆಚ್ಚಗಿರುವ ಇಲಿಗಿಂತ ಎಷ್ಟೋ ಹೆಚ್ಚು ತಿಂದಿರುತ್ತದೆ. ಮೇವಿಲ್ಲದೆ ಹೀಗೆ ಒಗ್ಗಲಾಗದು. ಹೊಟ್ಟೆಯಲ್ಲಿ ಎರಡು ಮರಿ ಹೊತ್ತ ಕುರಿಗೆ ಚಳಿಗಾಲದಲ್ಲಿ ಮೇವು ಕಡಿಮೆಯಾದರೆ ಮೈಯ ಕೊಬ್ಬೆಲ್ಲ ಕರಗಿ ಯಕೃತ್ತಿಗೆ ನುಗ್ಗುತ್ತದೆ, ರಕ್ತದಲ್ಲಿ ಕೀಟೋನ್ ಏರಿ ಕುರಿಯೇ ನೆಲ ಹಿಡಿಯುತ್ತದೆ.

ಕರುವಿನ ಉರುವಲು ಗಿಣ್ಣ. ಅದರಲ್ಲಿ ಕೊಬ್ಬಿದೆ, ರೋಗ ತಡೆಯುವ ಪ್ರತಿಕಾಯಗಳಿವೆ. ಆ ಪ್ರತಿಕಾಯಗಳನ್ನು ಹೀರುವ ಶಕ್ತಿ ಕರುಳಿಗೆ ಗಂಟೆಗಂಟೆಗೂ ತಗ್ಗುತ್ತ 24 ಗಂಟೆಯ ಹೊತ್ತಿಗೆ ನಿಂತೇಹೋಗುತ್ತದೆ. ಮೈ ತಣ್ಣಗಾದ ಕರು ಹೀರುವುದೂ ನಿಧಾನ. ಮಾಸು ಬೀಳಲಿ ಎಂದು ಕಾಯುವ ಮನೆಯಲ್ಲಿ ಈ ಹೊತ್ತೇ ಕಳೆದುಹೋಗುತ್ತದೆ. ಕರು ಮೊಲೆ ಚೀಪಿದರೆ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಬಿಡುಗಡೆಯಾಗಿ ಗರ್ಭಕೋಶ ಸಂಕುಚಿಸುತ್ತದೆ. ಮಾಸು ಬೀಳಲು ಅದೇ ಸಹಾಯ. ಹಿರಿಯರ ಮಾತನ್ನು ನಾನು ಗೌರವಿಸುತ್ತೇನೆ, ಈ ಒಂದು ಪದ್ಧತಿಯನ್ನು ಮಾತ್ರ ಒಪ್ಪಲಾರೆ.

ನನಗೆ ಹೆಚ್ಚು ಸಂಕಟವಾಗುವುದು ಮಿಶ್ರತಳಿಯ ಗಂಡುಕರುವನ್ನು ಕಂಡಾಗ. ಉಳುಮೆಗೆ ಬಾರದು, ಮಾರಿದರೆ ದುಡ್ಡು ಹುಟ್ಟದು ಎಂದು ಅದರ ಪಾಲಿನ ಗಿಣ್ಣ ನೇರ ಪಾತ್ರೆಗೆ ಹೋಗುತ್ತದೆ. ಅದಕ್ಕೂ ಅದೇ ಚಳಿ, ಅಷ್ಟೇ ಕೊಬ್ಬು.

ಕರು ಹಾಕುವ ಕಾಲ ಹತ್ತಿರವಾದ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಒಣ ಗೋಣಿಯಿಂದ ಮೈ ಒರೆಸಿ, ಹುಲ್ಲು ಹಾಸಿ. ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣ ಕುಡಿಸಿ. ಮೊದಲ ದಿನ ಕರುವಿನ ತೂಕದ ಹತ್ತರಲ್ಲೊಂದು ಪಾಲು, ಅಂದರೆ 25 ಕೆ.ಜಿ. ಕರುವಿಗೆ ಎರಡೂವರೆ ಲೀಟರ್, ಹೆಣ್ಣಾಗಲಿ ಗಂಡಾಗಲಿ ಅದರ ಹೊಟ್ಟೆ ಸೇರಲಿ. ಉಳಿದದ್ದನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಓಣಿಗೆಲ್ಲ ಹಂಚಿ.