ತವರಿನ ಬಾಗಿಲಲ್ಲಿ ಮುಸುಕೇಕೆ?

ಹೊಟ್ಟೆಪಾಡಿಗೆ ಊರು ಬಿಟ್ಟು ಕಳವಾ ಸೇರಿದವರು ನಾವು. ನಮ್ಮ ಮಕ್ಕಳು ಕಡಲನ್ನೇ ದಾಟಿದ್ದಾರೆ. ಅಲ್ಲಿಂದ ಊರಿನ ಕೆಲಸ ಮಾಡಹೊರಟರೆ ನಮ್ಮ ಕೆಲವು ಸರಕಾರಿ ಜಾಲತಾಣಗಳು ತೆರೆಯುವುದೇ ಇಲ್ಲ. ಪರದೇಶದ ಸಂಪರ್ಕವೆಂದರೆ ಕಳ್ಳನೆಂಬ ಗುಮಾನಿ! ವಿಪಿಎನ್ ಎಂಬ ಮುಸುಕು ಹಾಕಿ, ಭಾರತದಲ್ಲೇ ಕುಳಿತವರಂತೆ ನಟಿಸಬೇಕು.

ಆ ಮುಸುಕೂ ಈಗ ಸಲೀಸಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸರ್ಟ್-ಇನ್ ಸಂಸ್ಥೆ, ವಿಪಿಎನ್ ಗಿರಾಕಿಗಳ ಹೆಸರು-ವಿಳಾಸಗಳನ್ನು 5 ವರ್ಷ ಕಾದಿಡಬೇಕೆಂದು ವಿಧಿಸಿತು. ಜೂನ್‌ನಲ್ಲಿ ಎಕ್ಸ್‌ಪ್ರೆಸ್‌ವಿಪಿಎನ್ ಭಾರತದಲ್ಲಿದ್ದ ತನ್ನ ಸರ್ವರುಗಳನ್ನೇ ತೆಗೆಯಿತು.

ಕಳ್ಳರನ್ನು ತಡೆಯಲಿ, ಬೇಡವೆನ್ನುವವರು ನಾವಲ್ಲ. ಆದರೆ ಕಳ್ಳನಿಗೆ ನೂರು ದಾರಿ; ತಡೆಗೆ ಸಿಕ್ಕಿಬೀಳುವವರು ನಮ್ಮ ಮಕ್ಕಳು. ಪಾಸ್‌ಪೋರ್ಟ್ ನೋಡಿ ಗುರುತು ಹಿಡಿಯಿರಿ, ಕುಳಿತ ದೇಶವನ್ನಲ್ಲ. ಮನೆಮಕ್ಕಳು ಹಿತ್ತಿಲಿನಿಂದ ನುಸುಳುವುದು ಮನೆಗೇ ಅವಮಾನ.